ಮುದಿ ಲ್ಯಾಪ್‌ಟಾಪೂ ನಾಲ್ಕನೇ ಸಂಪುಟವೂ

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಹಳೆಯ ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ಅದು ಗಡಿಯಾರದ ಹಾಗೆ ಟಿಕ್ ಟಿಕ್ ಎಂದಿತು. ಗಡಿಯಾರ ಹಾಗೆ ಸದ್ದು ಮಾಡಿದರೆ ಜೀವ ಇದೆ ಎಂದರ್ಥ. ಹಾರ್ಡ್ ಡಿಸ್ಕ್ ಮಾಡಿದರೆ ಅದರ ಕತೆ ಮುಗಿಯಿತು ಎಂದರ್ಥ. ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯ ಮೇಲೆ, ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂಬ ಒಂದೇ ಸಾಲು ಇಂಗ್ಲಿಷಿನಲ್ಲಿ ಮೂಡಿತು. ಆಫ್ ಮಾಡಿ ಆನ್ ಮಾಡಿದೆ. ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಮುಚ್ಚಳದ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟೆ. ಇಷ್ಟೂ ವರ್ಷ ಕಂಪ್ಯೂಟರ್ ಕೆಲಸ ಮಾಡಿದವಳಾಗಿ ಇದಕ್ಕಿಂತ ಮೊದಲು ಇನ್ನೇನು ಮಾಡಬೇಕೆಂದು ನನಗೆ ಗೊತ್ತಿರಬೇಕಿತ್ತು. ಆದರೆ ಮೊದಲು ಎಲ್ಲರೂ ಇದನ್ನೇ ಮಾಡುತ್ತಾರೆ.

ನಾನು ಕೆಲಸ ಮಾಡುವುದು ಬಾಂದ್ರಾ ಸ್ಟೇಷನ್ನಿನ ಪೂರ್ವಕ್ಕೆ, ಕಣ್ಣು ಕಾಣದ ಓದುಗರಿಗೆ ಬ್ರೈಲ್ ಪುಸ್ತಕ ತಯಾರಿಸುವ ಒಂದು ಸಣ್ಣ ಸಂಸ್ಥೆಯಲ್ಲಿ. ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ದಪ್ಪ ಕಾಗದದ ಬಂಡಲ್ ಹೊರುವುದು, ಪುಟಗಳಿಗೆ ತೂತು ಹೊಡೆದು ಪ್ಲಾಸ್ಟಿಕ್ ಬಾಚಣಿಗೆಯಂಥ ಬೈಂಡಿಂಗ್ ಹಾಕುವುದು, ಕೊನೆಗೆ ಪುಸ್ತಕವನ್ನು ಓದುಗರ ಮನೆಗೆ ಮುಟ್ಟಿಸುವುದು ಇವೂ ಹೇಗೋ ನನ್ನ ತಲೆಗೇ ಬಂದವು. ಕಾಗದದ ಮೇಲೆ ಚುಕ್ಕೆ ಉಬ್ಬಿಸುವ ಯಂತ್ರಕ್ಕೆ ನಾವು ಎಂಬಾಸರ್ ಅನ್ನುತ್ತೇವೆ. ನಮ್ಮಲ್ಲಿ ಅಂಥವು ಎರಡು. ಹೊಸದು ಹಗಲಿಡೀ ವಿದ್ಯಾರ್ಥಿಗಳ ಮರಾಠಿ, ಹಿಂದಿ ಪಠ್ಯಪುಸ್ತಕ ಉಬ್ಬಿಸುತ್ತದೆ. ಹಳೆಯದು ಮೂಲೆಯ ಕೋಣೆಯಲ್ಲಿದೆ. ಅದರ ತಂತಿಯ ತುದಿ ಅಂಗೈ ಅಗಲದ್ದು, ಎರಡು ಸಾಲು ಪಿನ್ನುಗಳಿರುವಂಥದ್ದು. ಅದನ್ನು ಚುಚ್ಚುವ ಕಿಂಡಿ ಈಗಿನ ಯಾವ ಲ್ಯಾಪ್‌ಟಾಪಿಗೂ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಜೋಡಿಸುವ ಕನ್ವರ್ಟರ್ ತಂದು ನೋಡಿದ್ದೆವು. ಎಂಬಾಸರ್ ಅರ್ಧ ಪುಟ ಹೊಡೆದು ಸುಮ್ಮನಾಗುತ್ತಿತ್ತು. ಹಾಗಾಗಿ ಹಳೆಯ ಎಂಬಾಸರಿಗೆ ಈ ಮುದಿ ಲ್ಯಾಪ್‌ಟಾಪೇ ಗತಿಯಾಗಿತ್ತು.

ಆ ಹಳೆಯ ಯಂತ್ರದಲ್ಲಿ ಕನ್ನಡ ಪುಸ್ತಕ ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ನಮ್ಮ ಕನ್ನಡ ಓದುಗರೆಂದರೆ ಒಬ್ಬರೇ.

ಅವರು ಮಲಾಡಿನಲ್ಲಿದ್ದಾರೆ. ಉಡುಪಿಯ ಕಡೆಯವರು. ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಟೆಲಿಫೋನ್ ಅಕ್ಕ ಎನ್ನುತ್ತಾರೆ, ಮರಾಠಿಯವರೂ ಕೂಡ. ಹುಟ್ಟಿನಿಂದ ಕಣ್ಣಿಲ್ಲ. ಕಿವಿಯನ್ನೇ ನಂಬಿ ಅಷ್ಟು ವರ್ಷ ದುಡಿದವರಿಗೆ ಈಗ ಕಿವಿಯೂ ಕೈಕೊಡುತ್ತಿದೆ. ಶ್ರವಣಯಂತ್ರ ಹಾಕಿಕೊಂಡು, ಸದ್ದಿಲ್ಲದ ಕೋಣೆಯಲ್ಲಿ, ಎಡಗಿವಿಯ ಹತ್ತಿರ ಸಣ್ಣ ಸಣ್ಣ ವಾಕ್ಯದಲ್ಲಿ ಮಾತಾಡಿದರೆ ಹಿಡಿಯುತ್ತಾರೆ. ಮೊಬೈಲು ಓದಿ ಹೇಳುವ ಧ್ವನಿ ಅವರಿಗೆ ಬರೀ ಗೊರಗೊರ. ಉಳಿದಿರುವುದು ಬೆರಳು ಮಾತ್ರ.

ನಾನೂ ಮಲಾಡಿನವಳೇ, ಅಂದರೆ ಅಲ್ಲಿ ಬಾಡಿಗೆಗಿದ್ದೇನೆ. ಊರು ಮೈಸೂರು. ಅಲ್ಲಿ ಈಗ ನನ್ನ ಫೋನಿಗೆ ಕಾಯುವವರು ಯಾರೂ ಇಲ್ಲ. ಬೆಳಿಗ್ಗೆ ಲೋಕಲ್‌ನಲ್ಲಿ ಹಿಂದಿ, ಆಫೀಸಿನಲ್ಲಿ ಮರಾಠಿ ಬೆರೆತ ಹಿಂದಿ, ಸಂಜೆ ವಸತಿ ಸೊಸೈಟಿಯ ವಾಚ್‌ಮ್ಯಾನ್ ಜೊತೆ ಮತ್ತೆ ಹಿಂದಿ. ಶನಿವಾರ ಪುಸ್ತಕ ಕೊಡಲು ಟೆಲಿಫೋನ್ ಅಕ್ಕನ ಮನೆಗೆ ಹೋದಾಗ ಮಾತ್ರ ಬಾಯಿಗೆ ಕನ್ನಡ ಬರುತ್ತಿತ್ತು. ಮೊದಲ ಎರಡು ಮಾತು ತಡವರಿಸುತ್ತಿತ್ತು ಕೂಡ. ನಾನು ಪುಸ್ತಕ ಮುಟ್ಟಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡದಿದ್ದುದು ಇದಕ್ಕೇ. ಕರ್ತವ್ಯನಿಷ್ಠೆ ಎಂದು ಆಫೀಸಿನವರು ತಿಳಿದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಆಗ ನಾವು ಮಾಡುತ್ತಿದ್ದದ್ದು ಒಂದು ಕಾದಂಬರಿ. ಮುದ್ರಿತ ಪುಸ್ತಕ ಕೈಯಲ್ಲಿ ಹಿಡಿಯುವಷ್ಟೇ ಇದ್ದರೂ ಬ್ರೈಲಿನಲ್ಲಿ ಅದು ನಾಲ್ಕು ಸಂಪುಟ. ಮನೆಯಲ್ಲಿ ಕೂತು ಅಷ್ಟನ್ನೂ ನಾನೇ ಟೈಪ್ ಮಾಡಿದ್ದೆ. ಮೂರನೆಯ ಸಂಪುಟ ಕಟ್ಟುವಾಗ ಬೈಂಡಿಂಗಿನ ಹಲ್ಲುಗಳಿಗೆ ಹಿಡಿಸುವಷ್ಟು ಪುಟ ತುಂಬಿದ್ದರಿಂದ ಅಲ್ಲಿಗೇ ನಿಲ್ಲಿಸಿದ್ದೆ. ಅದು ವಾಕ್ಯದ ನಡುಮಧ್ಯ. ದಾಟುದೋಣಿಯ ಕಟ್ಟೆಯಲ್ಲಿ ಟಿಕೆಟ್ ಹರಿಯುವ ಹೆಂಗಸಿನ ಕತೆ ಅದು. ಅವಳ ಮನೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ. ಅವಳು ಸದ್ದಾಗದಂತೆ ಚಿಲಕ ತೆಗೆಯುತ್ತಾಳೆ. 'ಹೊರಗೆ ನಿಂತಿದ್ದವನು' ಎಂಬಲ್ಲಿಗೆ ಮೂರನೆಯ ಸಂಪುಟದ ಕಾಗದ ಮುಗಿಯುತ್ತದೆ. ನಾಲ್ಕನೆಯದು ಮುಂದಿನ ವಾರ ಹೇಗೂ ಬರುತ್ತದಲ್ಲ ಎಂದುಕೊಂಡು ಮೂರನೆಯದನ್ನು ಕೊಟ್ಟು ಬಂದಿದ್ದೆ. ಆ ಮುಂದಿನ ವಾರದ ಸೋಮವಾರವೇ ಈ ಟಿಕ್ ಟಿಕ್.

ಮ್ಯಾನೇಜರ್ ಮೇಡಂಗೆ ಹೇಳಿದೆ. ಅವರು ಕೆಟ್ಟವರಲ್ಲ. ಪರೀಕ್ಷೆಯ ಪುಸ್ತಕಕ್ಕಾಗಿ ದಿನಕ್ಕೆ ಎಷ್ಟು ತಾಯಂದಿರು ಫೋನ್ ಮಾಡುತ್ತಾರೆಂದು ನನಗೂ ಗೊತ್ತು. ಒಬ್ಬ ಓದುಗರಿಗಾಗಿ ಹೊಸ ಎಂಬಾಸರನ್ನು ನಿಲ್ಲಿಸುವಂತಿಲ್ಲ ಎಂದರು. ಕಟ್ಟಡದ ರಿಪೇರಿ ಶುರುವಾಗುವುದರಿಂದ ಮೂಲೆಯ ಕೋಣೆ ಖಾಲಿ ಮಾಡಬೇಕು, ಶನಿವಾರ ಭಂಗಾರದವನು, ಅಂದರೆ ಗುಜರಿಯವನು, ಬರುತ್ತಾನೆ, ಹಾಳಾದ ಯಂತ್ರಗಳನ್ನೆಲ್ಲ ಅವನಿಗೆ ಕೊಟ್ಟುಬಿಡೋಣ ಎಂದೂ ಸೇರಿಸಿದರು. ಲ್ಯಾಪ್‌ಟಾಪ್ ಸತ್ತರೆ ಎಂಬಾಸರ್ ತಾನಾಗಿ ಹಾಳಾದ ಯಂತ್ರಗಳ ಪಟ್ಟಿಗೆ ಸೇರುತ್ತದೆ. ಹೊರಟವರು ತಿರುಗಿ ನಿಂತು, ಅಷ್ಟಕ್ಕೂ ನಿಮಗೆ ಓದಲು ಬರುತ್ತದಲ್ಲ, ಉಳಿದ ಭಾಗವನ್ನು ಹೋಗಿ ಓದಿ ಹೇಳಬಾರದೇ ಎಂದು ಕೇಳಿದರು. ಮಾತು ನ್ಯಾಯವಾಗಿಯೇ ಇತ್ತು.

ಸಂಜೆ ನೇರವಾಗಿ ಟೆಲಿಫೋನ್ ಅಕ್ಕನ ಮನೆಗೆ ಹೋದೆ. ಅವರು ತಂಗಿಯ ಮಗಳ ಜೊತೆ ಇರುತ್ತಾರೆ. ಆ ಹುಡುಗಿ ನೌಕರಿಯಿಂದ ಆಗಷ್ಟೇ ಬಂದು ಬಾಗಿಲು ತೆರೆದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಮಾತ್ರ ಹಿಂದಿ. ವಿಷಯ ಹೇಳಿದಾಗ, "ದೊಡ್ಡಮ್ಮ ಕೋ ಬಸ್ ಬುಕ್ ಚಾಹಿಯೇ. ಬಾಕಿ ಸಬ್ ಚಲೇಗಾ" ಎಂದು ಒಳಗೆ ಹೋದಳು. ದೊಡ್ಡಮ್ಮನಿಗೆ ಪುಸ್ತಕವೊಂದಿದ್ದರೆ ಸಾಕು, ಉಳಿದದ್ದೆಲ್ಲ ಹೇಗೋ ನಡೆಯುತ್ತದೆ ಎಂದು ಅದರ ಅರ್ಥ.

ಅಕ್ಕ ಮಂಚದ ತುದಿಯಲ್ಲಿ ಕೂತಿದ್ದರು. ಮೂರನೆಯ ಸಂಪುಟ ತೊಡೆಯ ಮೇಲಿತ್ತು. ಕೊನೆಯ ಪುಟದ ಕೊನೆಯ ಸಾಲಿನ ಮೇಲೆ ಬೆರಳು ಹೋಗಿ ಬಂದು ಮಾಡುತ್ತಿತ್ತು. ಆ ಚುಕ್ಕೆಗಳು ಸವೆದು ಚಪ್ಪಟೆಯಾಗುವಷ್ಟು ಸಲ ಓದಿದ್ದರೆಂದು ಕಾಣುತ್ತದೆ. ಹೊರಗೆ ನಿಂತವನು ಯಾರಿರಬಹುದೆಂದು ತಮ್ಮದೇ ಒಂದು ಲೆಕ್ಕ ಹಾಕಿಟ್ಟುಕೊಂಡಿದ್ದರು, ಬಿಟ್ಟುಹೋದ ಗಂಡನೇ ಇರಬೇಕೆಂದು. ನನ್ನ ಮುಖ ಅವರಿಗೆ ಕಾಣುವುದಿಲ್ಲವಾದ್ದರಿಂದ ನಾನು ಅದನ್ನು ಬಿಗಿ ಹಿಡಿಯಬೇಕಾದ ಕಷ್ಟವಿರಲಿಲ್ಲ. ಲ್ಯಾಪ್‌ಟಾಪ್ ಕೆಟ್ಟ ಸುದ್ದಿಯನ್ನು ಎಡಗಿವಿಗೆ ತುಂಡು ತುಂಡಾಗಿ ಹೇಳಿ, ನಾನೇ ಓದಲೇ ಎಂದು ಕೇಳಿದೆ. ಆಗಲಿ ಎಂದರು.

ಮುದ್ರಿತ ಪುಸ್ತಕ ತೆರೆದು, ಹಿಂದಿನ ಎಳೆ ಹಿಡಿಯಲೆಂದು ಮೂರನೆಯ ಸಂಪುಟದ ಕೊನೆಯ ಪುಟದಿಂದ ಶುರು ಮಾಡಿದೆ. ಮೊದಲ ವಾಕ್ಯ ಕೇಳಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಓದಿದೆ. ಇನ್ನೂ ಹತ್ತಿರ ಹೋದರೆ ಶ್ರವಣಯಂತ್ರ ಶಿಳ್ಳೆ ಹಾಕಿತು. ಮೂರನೆಯ ಸಲ ಎಷ್ಟು ಕೂಗಿದೆನೆಂದರೆ ಎದುರುಮನೆಯ ಗುಜರಾತಿ ಹೆಂಗಸು ಬಾಗಿಲಿಗೆ ಬಂದು ಏನಾಯಿತೆಂದು ಕೇಳಿ ಹೋದಳು. ಅಕ್ಕ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದರು.

"ಸಾಕು ಮಾರಾಯ್ತಿ. ಕತೆಯನ್ನು ಕೂಗಿ ಹೇಳಿದ್ರೆ ಅದು ಜಗಳ ಆಗ್ತದೆ. ಅವಳು ಚಿಲಕ ತೆಗ್ದದ್ದು ಮೆಲ್ಲ ಅಲ್ವಾ?"

ಯಾರು ಬಂದಿದ್ದರೆಂದು ಅಷ್ಟನ್ನಾದರೂ ಹೇಳಿಬಿಡುತ್ತೇನೆ ಎಂದೆ.

"ಬೇಡ. ನೀನು ಹೇಳಿದ್ರೆ ಅದು ನೀನು ಹೇಳಿದ್ದಾಗ್ತದೆ. ನಂಗೆ ಓದ್ಲಿಕ್ಕೆ ಉಂಟಾ ಇಲ್ವಾ, ಅಷ್ಟು ಹೇಳು."

ಉಂಟು ಎಂದೆ. ಅವರ ಭಾಷೆಯಲ್ಲೇ ಬಂತು. ಮೆಟ್ಟಿಲು ಇಳಿಯುವಾಗ ನನಗೆ ನನ್ನ ಮೇಲೇ ಸಿಟ್ಟು ಬಂತು, ಯಾವ ಧೈರ್ಯದ ಮೇಲೆ ಮಾತು ಕೊಟ್ಟೆ ಎಂದು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಟಿಕ್ ಟಿಕ್ ಎನ್ನುವ ಡಿಸ್ಕನ್ನು ತೆಗೆದು, ಹಳೆಯ ಸಾಮಾನಿನ ಪೆಟ್ಟಿಗೆಯಲ್ಲಿದ್ದ ಅದೇ ತರಹದ ಇನ್ನೊಂದನ್ನು ಹಾಕಿದೆ. ಹಳೆಯ ಕಾಲದ ಡಿಸ್ಕು ಅದು, ಹಿಂಬದಿಯಲ್ಲಿ ಸೂಜಿಯಂಥ ಪಿನ್ನುಗಳ ಎರಡು ಸಾಲು. ಒಂದು ಪಿನ್ನು ಬಾಗಿತ್ತು. ಸೀರೆಗೆ ಚುಚ್ಚುವ ಪಿನ್ನಿನ ತುದಿಯಿಂದ ಅದನ್ನು ನೆಟ್ಟಗೆ ಮಾಡಿದೆ. ಡಿಸ್ಕು ಖಾಲಿ. ಇನ್ನು ಅದಕ್ಕೊಂದು ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಹಳೆಯ ವಿಂಡೋಸ್ ಬಿಟ್ಟು, ಪುಕ್ಕಟೆ ಸಿಗುವ ಲಿನಕ್ಸ್‌ನ ಒಂದು ಹಗುರ ಆವೃತ್ತಿಯನ್ನು ಆರಿಸಿಕೊಂಡೆ. ಮುದಿ ಯಂತ್ರಗಳು ತಾಳಿಕೊಳ್ಳುವಂಥದ್ದು ಅದು. ಕನ್ನಡವನ್ನು ಬ್ರೈಲ್ ಚುಕ್ಕೆಗೆ ತಿರುಗಿಸುವ ಪ್ರೋಗ್ರಾಂ ಕೂಡ ಅದರಲ್ಲಿ ಪುಕ್ಕಟೆಯೇ.

ಹಾಕುವ ಮೊದಲ ದಾರಿ ಸಿಡಿ. ಈಗ ಮುಂಬಯಿಯಲ್ಲಿ ಖಾಲಿ ಸಿಡಿ ಹುಡುಕಿ ನೋಡಿ. ಬಾಂದ್ರಾದಲ್ಲಿ ಕೇಳಿದ ಅಂಗಡಿಯವರೆಲ್ಲ ನಾನೇನೋ ಹರಿಕೇನ್ ಲಾಟೀನು ಕೇಳಿದಂತೆ ನಗಾಡಿದರು. ಕೊನೆಗೆ ಸಾಂತಾಕ್ರೂಜ್‌ನಲ್ಲಿ ಇಳಿದು, ಮದುವೆ ವಿಡಿಯೋ ಮಾಡುತ್ತಿದ್ದ ಒಂದು ಸ್ಟುಡಿಯೋದಲ್ಲಿ ಧೂಳು ಹಿಡಿದ ಒಂದನ್ನು ಪಡೆದೆ. ಕವರಿನ ಮೇಲೆ ಗಣಪತಿ ಇದ್ದ. ಆಫೀಸಿನ ಕಂಪ್ಯೂಟರಿನಲ್ಲಿ ಸಿಡಿ ಬರೆದು ಮುದಿ ಲ್ಯಾಪ್‌ಟಾಪಿನ ಬಾಯಿಗೆ ಕೊಟ್ಟೆ. ತಟ್ಟೆ ಒಳಗೆ ಹೋಯಿತು, ಗಿರ್ರೆಂದು ತಿರುಗಿತು, ಒಂದಿಷ್ಟು ಗೊಣಗಿತು, ನಿಂತುಹೋಯಿತು. ಹತ್ತಿಯಲ್ಲಿ ಡ್ರೈವಿನ ಕಣ್ಣು ಒರೆಸಿದೆ. ಮತ್ತೆ ತಿರುಗಿತು, ಮತ್ತೆ ಗೊಣಗಿತು. ಡ್ರೈವಿನ ಲೆನ್ಸ್ ಯಾವತ್ತೋ ಕುರುಡಾಗಿತ್ತು. ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಏನೂ ಓದೆಂದು ಕೇಳಿರಲಿಲ್ಲ.

ಎರಡನೆಯ ದಾರಿ ಪೆನ್ ಡ್ರೈವ್. ಯಂತ್ರ ಏಳುವಾಗ ಯಾವುದರಿಂದ ಏಳಬೇಕೆಂದು ಕೇಳುವ ಒಂದು ನೀಲಿ ಪರದೆ ಇರುತ್ತದೆ. ಅಲ್ಲಿ ಫ್ಲಾಪಿ ಇತ್ತು, ಹಾರ್ಡ್ ಡಿಸ್ಕ್ ಇತ್ತು, ಸಿಡಿ ಇತ್ತು, ನೆಟ್‌ವರ್ಕ್ ಇತ್ತು. ಪೆನ್ ಡ್ರೈವ್ ಎಂಬ ವಸ್ತುವಿನಿಂದ ಏಳಬಹುದೆಂದು ಆ ಯಂತ್ರ ಮಾಡಿದವರಿಗೆ ಆಗ ಹೊಳೆದಿರಲಿಲ್ಲ. ಒಳಗಿನ ಪುಟ್ಟ ಬ್ಯಾಟರಿ ಸತ್ತದ್ದರಿಂದ ಅದರ ಗಡಿಯಾರವೂ ಪ್ರತಿ ಸಲ ಆನ್ ಮಾಡಿದಾಗ ತಾನು ಹುಟ್ಟಿದ ವರ್ಷಕ್ಕೇ ಹೋಗಿ ಕೂರುತ್ತಿತ್ತು. ಆ ವರ್ಷದಲ್ಲಿ ಅದೂ ನಾನೂ ಇನ್ನೂ ಚಿಕ್ಕವರು.

ಮೂರನೆಯದು ನೆಟ್‌ವರ್ಕ್ ದಾರಿ. ನನ್ನ ಲ್ಯಾಪ್‌ಟಾಪನ್ನು ಪಕ್ಕದಲ್ಲಿಟ್ಟು, ಎರಡರ ನಡುವೆ ಒಂದು ತಂತಿ ಎಳೆದು, ನನ್ನದು ಬಡಿಸುವಂತೆ, ಮುದಿಯದು ಉಣ್ಣುವಂತೆ ಏರ್ಪಾಡು ಮಾಡುವುದು. ಇದನ್ನು ನಾನು ಹಿಂದೆ ಮಾಡಿದ್ದೆ. ಆ ಗರ್ವದಲ್ಲಿ ಬುಧವಾರ ಪೂರ್ತಿ ಹೋಯಿತು. ಮೊದಲು ಮುದಿಯದು ವಿಳಾಸ ಕೇಳಿ ಕೇಳಿ ಸುಸ್ತಾಯಿತು. ನನ್ನ ಲ್ಯಾಪ್‌ಟಾಪಿನ ಫೈರ್‌ವಾಲ್ ಅದನ್ನು ಕಳ್ಳನೆಂದು ಭಾವಿಸಿ ಬಾಗಿಲು ಹಾಕಿತ್ತು. ಅದನ್ನು ತೆಗೆದೆ. ವಿಳಾಸ ಸಿಕ್ಕಿತು, ಫೈಲು ಸಿಗಲಿಲ್ಲ. ಫೈಲು ಸರಿಯಾದ ಕಡೆ ಇಟ್ಟೆ. ಕೊನೆಗೂ ಪರದೆಯ ಮೇಲೆ ಇನ್‌ಸ್ಟಾಲ್ ಮಾಡುವ ಮೊದಲ ಪುಟ ಬಂದಾಗ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ 'ನೋಡಿದ್ಯಾ' ಎನ್ನಲು ಒಬ್ಬರು ಬೇಕು ಮನುಷ್ಯನಿಗೆ. ಆ ಬೇಕು ನನಗೆ ಅವತ್ತು ಬಹಳ ತಟ್ಟಿತು.

ಕೆಲಸ ಎಷ್ಟಾಯಿತೆಂದು ತೋರಿಸುವ ಗೆರೆ ಅರ್ಧಕ್ಕೆ ಬಂದು ನಿಂತಿತು. ಮುದಿಯ ನೆಟ್‌ವರ್ಕ್ ಕಿಂಡಿಯಲ್ಲಿ ತಂತಿಯನ್ನು ಕಚ್ಚಿ ಹಿಡಿಯುವ ಹಲ್ಲು ಮುರಿದಿತ್ತು. ಲೋಕಲ್ ಹೋದಾಗಲೆಲ್ಲ ನಮ್ಮ ಕಟ್ಟಡ ಸಣ್ಣಗೆ ನಡುಗುತ್ತದೆ. ಅಷ್ಟೇ ಸಾಕಾಗಿತ್ತು, ತಂತಿ ಕೂದಲೆಳೆಯಷ್ಟು ಜಾರುತ್ತಿತ್ತು. ರಬ್ಬರ್ ಬ್ಯಾಂಡ್ ಕಟ್ಟಿದೆ. ಬ್ರೈಲ್ ಕಾಗದದ ಬಂಡಲ್ ಒರಗಿಸಿದೆ. ಕೊನೆಗೆ ಬೆರಳಿನಿಂದಲೇ ಒತ್ತಿ ಹಿಡಿದು ಕೂತೆ. ವಿರಾರ್ ಫಾಸ್ಟ್ ಗಾಡಿಯೊಂದು ಹೋಯಿತು, ಗೆರೆ ಮತ್ತೆ ನಿಂತಿತು. ಬೆರಳು ಮರಗಟ್ಟಿತ್ತು. ಶನಿವಾರ ಹತ್ತಿರ ಬರುತ್ತಿತ್ತು.

ಗುರುವಾರ ಬೆಳಿಗ್ಗೆ ಲೋಕಲ್‌ನಲ್ಲಿ ನಿಂತಿರುವಾಗ ಆ ಯೋಚನೆ ಬಂತು. ಮೂರು ದಿನದಿಂದ ನಾನು ಈ ಯಂತ್ರದೊಳಗೆ ಹೋಗಲು ಬಾಗಿಲು ಹುಡುಕುತ್ತಿದ್ದೇನೆ. ಬಾಗಿಲು ಇಲ್ಲವೆಂದ ಮೇಲೆ, ಒಳಗಿರುವುದನ್ನೇ ಹೊರಗೆ ಕರೆದುಕೊಂಡು ಹೋಗಬಾರದೇಕೆ. ಡಿಸ್ಕನ್ನು ಕಳಚಿ, ಸಿಡಿ ಓದಬಲ್ಲ ಅದೇ ಕಾಲದ ಬೇರೊಂದು ಲ್ಯಾಪ್‌ಟಾಪಿಗೆ ಹಾಕಿ, ಎಲ್ಲವನ್ನೂ ಅಲ್ಲೇ ತುಂಬಿಸಿ, ಮತ್ತೆ ತಂದು ಇಲ್ಲಿ ಕೂರಿಸುವುದು. ವಿಂಡೋಸ್ ಆದರೆ ಮನೆ ಬದಲಾಯಿಸಿದ್ದಕ್ಕೆ ರಂಪ ಮಾಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಅಪಾಯವೂ ಇತ್ತು. ಆ ಡಿಸ್ಕಿನ ಪಿನ್ನು ಇನ್ನೊಂದು ಸಲ ಬಾಗಿದರೆ ಮುರಿಯುತ್ತದೆ, ಅಂಥ ಡಿಸ್ಕು ನಮ್ಮಲ್ಲಿ ಇನ್ನೊಂದಿಲ್ಲ. ಸಾಂತಾಕ್ರೂಜ್ ಬರುವಷ್ಟರಲ್ಲಿ ತೀರ್ಮಾನ ಆಗಿತ್ತು. ಆಫೀಸಿಗೆ ಹೋಗಿ ಡಿಸ್ಕು ಕಳಚಿ, ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿದ್ದ ಚಪಾತಿಯನ್ನು ತೆಗೆದಿಟ್ಟು ಅದರೊಳಗೆ ಹಾಕಿಕೊಂಡು, ರಜೆ ಬರೆದು ಮತ್ತೆ ಮಲಾಡಿನ ಗಾಡಿ ಹತ್ತಿದೆ.

ಮಲಾಡ್ ಸ್ಟೇಷನ್ ಬಳಿ ಹಳೆಯ ಲ್ಯಾಪ್‌ಟಾಪ್ ರಿಪೇರಿಯ ಒಂದು ಅಂಗಡಿ ಇದೆ. ಅಂಗಡಿಯವನ ಹಿಂದೆ ನೆಲದಿಂದ ಮಾಡಿನವರೆಗೂ ಸತ್ತ ಯಂತ್ರಗಳು. ಡಬ್ಬಿ ತೆಗೆದು ಡಿಸ್ಕು ತೋರಿಸಿದಾಗ ಅವನು ಕನ್ನಡಕ ಮೇಲಕ್ಕೆ ಸರಿಸಿದ. "ಮ್ಯೂಸಿಯಮ್ ಖೋಲ್ ರಹೀ ಹೋ ಕ್ಯಾ ಮ್ಯಾಡಮ್?" ಎಂದ, ಮ್ಯೂಸಿಯಂ ತೆರೆಯುತ್ತಿದ್ದೀರಾ ಎಂದು. ಬ್ರೈಲ್ ಪುಸ್ತಕದ ವಿಷಯ ಹೇಳಿದೆ. ಅವನು ಮತ್ತೇನೂ ಕೇಳದೆ ರಾಶಿಯ ಕೆಳಗಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ಎಳೆದ. ಪರದೆ ಒಡೆದಿತ್ತು, ಅದಕ್ಕೊಂದು ಬೇರೆ ಮಾನಿಟರ್ ಸಿಕ್ಕಿಸಿದ. ಸಿಡಿ ಡ್ರೈವ್ ಓಡುತ್ತಿತ್ತು. ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಮಧ್ಯಾಹ್ನವಿಡೀ ಕೂತೆ. ಗಣಪತಿ ಕವರಿನ ಸಿಡಿ ಅಲ್ಲಿ ಸರಾಗವಾಗಿ ತಿರುಗಿತು. ಡಿಸ್ಕನ್ನು ಭಾಗ ಮಾಡಿತು, ಫೈಲುಗಳನ್ನು ತುಂಬಿತು, ನನ್ನ ಹೆಸರು ಕೇಳಿತು. ಆ ವಾರ ನನ್ನ ಹೆಸರು ಕೇಳಿದ್ದು ಅದೊಂದೇ. ಬ್ರೈಲ್ ಪ್ರೋಗ್ರಾಂ ಹಾಕಿ, ಪೆನ್ ಡ್ರೈವಿನಿಂದ ನಾಲ್ಕನೆಯ ಸಂಪುಟದ ಫೈಲನ್ನೂ ಅಲ್ಲೇ ಸೇರಿಸಿದೆ.

ಶುಕ್ರವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಡಿಸ್ಕನ್ನು ಮುದಿಯ ಹೊಟ್ಟೆಗೆ ಹಾಕಿ ಸ್ಕ್ರೂ ಬಿಗಿದು ಗುಂಡಿ ಒತ್ತಿದೆ. ಒಂದು ಕ್ಷಣ ಎಲ್ಲವೂ ಸರಿಯಾಗಿತ್ತು. ಆಮೇಲೆ ಕಪ್ಪು ಪರದೆಯ ಮೇಲೆ ಮತ್ತೆ ಇಂಗ್ಲಿಷ್ ಸಾಲು. ಈ ವ್ಯವಸ್ಥೆಗೆ ಬೇಕಾದ ಒಂದು ಶಕ್ತಿ ನಿಮ್ಮ ಪ್ರೊಸೆಸರಿನಲ್ಲಿ ಇಲ್ಲ, ಅದನ್ನು ಬಿಟ್ಟು ಮುಂದುವರಿಯಲಾರೆ ಎಂದು ಅದರ ತಾತ್ಪರ್ಯ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಪ್ರೊಸೆಸರ್ ಎಂದರೆ ಮಿದುಳು. ಡಿಸ್ಕು ಬದಲಾಯಿಸಬಹುದು, ಮಿದುಳು ಬದಲಾಯಿಸಲಾಗದು. ಪಕ್ಕದ ಕೋಣೆಯಲ್ಲಿ ಹೊಸ ಎಂಬಾಸರ್ ಆಗಲೇ ತನ್ನ ದಿನದ ಬಡಿತ ಶುರು ಮಾಡಿತ್ತು. ಅಳು ಬಂತು. ಅತ್ತೂಬಿಟ್ಟೆ. ಯಂತ್ರಕ್ಕಾಗಿ ಅಲ್ಲ. ಶನಿವಾರ ಅಕ್ಕನ ಎಡಗಿವಿಯಲ್ಲಿ ಇಲ್ಲ ಎಂದು ಹೇಳಬೇಕಲ್ಲ, ಆ ಒಂದು ಪದವನ್ನೂ ಎರಡು ಮೂರು ಸಲ ಕೂಗಿ ಹೇಳಬೇಕಲ್ಲ ಎಂದು.

ಮುಖ ತೊಳೆದು ಬಂದು, ಆ ಇಂಗ್ಲಿಷ್ ಸಾಲನ್ನು ಹಾಗೇ ಮೊಬೈಲಿನಲ್ಲಿ ಹಾಕಿ ಹುಡುಕಿದೆ. ಯಾವುದೋ ಒಂದು ಹಳೆಯ ಚರ್ಚೆಯ ಪುಟ ಸಿಕ್ಕಿತು. ಎಷ್ಟೋ ವರ್ಷದ ಹಿಂದೆ ಯಾವುದೋ ದೇಶದ ಒಬ್ಬರು ಇದೇ ಗೋಳು ಹೇಳಿಕೊಂಡಿದ್ದರು. ಕೆಳಗೆ ಒಂದೇ ಒಂದು ಉತ್ತರ. ಆ ಕಾಲದ ಕೆಲವು ಪ್ರೊಸೆಸರುಗಳಲ್ಲಿ ಆ ಶಕ್ತಿ ಇದೆ, ಆದರೆ ಕೇಳಿದಾಗ ಇದೆ ಎಂದು ಹೇಳುವುದಿಲ್ಲ, ಅಷ್ಟೇ. ಏಳುವ ಹೊತ್ತಿನಲ್ಲಿ ಆಜ್ಞೆಯ ಸಾಲಿನ ಕೊನೆಗೆ, ಒತ್ತಾಯ ಮಾಡಿ ನಡೆಸು ಎಂಬರ್ಥದ ಒಂದು ಪದ ಸೇರಿಸಿದರೆ ಸಾಕು.

ಇದ್ದೂ ಹೇಳದ ಸ್ವಭಾವ. ನನಗೆ ಅದರ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಆ ಪದ ಟೈಪ್ ಮಾಡಿ ಎಂಟರ್ ಒತ್ತಿದೆ. ಎಚ್ಚರಿಕೆಯ ಒಂದು ಸಾಲು ಹೇಳಿ, ಆಮೇಲೆ ಮುದಿಯದು ಸಾಲು ಸಾಲಾಗಿ ತನ್ನ ಅಂಗಾಂಗಗಳನ್ನು ಎಣಿಸಿಕೊಳ್ಳುತ್ತ ಎದ್ದಿತು. ಎಂಬಾಸರ್ ಜೋಡಿಸುವ ಅಗಲದ ಕಿಂಡಿಯೂ ಆ ಪಟ್ಟಿಯಲ್ಲಿತ್ತು. ಇನ್ನು ಮುಂದೆ ಪ್ರತಿ ಸಲ ತಾನಾಗಿ ಸೇರಿಕೊಳ್ಳುವಂತೆ ಆ ಪದವನ್ನು ಒಳಗೇ ಬರೆದಿಟ್ಟೆ.

ತಂತಿ ಸಿಕ್ಕಿಸಿ ಮೊದಲ ಪುಟಗಳನ್ನು ಕಳಿಸಿದಾಗ ಹಳೆಯ ಎಂಬಾಸರ್ ಮಳೆಗಾಲದ ತಗಡಿನ ಮಾಡಿನ ಹಾಗೆ ಸದ್ದು ಮಾಡಿತು. ಆ ಸದ್ದಿಗೆ ಪ್ರೂಫ್ ನೋಡುವ ಕಾಕಾ ಗೋಡೆ ಹಿಡಿದುಕೊಂಡು ಬಂದರು. ಅವರಿಗೆ ಕಣ್ಣಿಲ್ಲ, ಮಾತೃಭಾಷೆ ಮರಾಠಿ, ಬ್ರೈಲ್ ಪುಸ್ತಕಗಳ ತಪ್ಪು ಹಿಡಿಯುವುದು ಅವರ ಕೆಲಸ. ಬ್ರೈಲ್ ಬಗ್ಗೆ ಒಂದು ವಿಷಯ ಹೇಳಬೇಕು. ನಮ್ಮ ದೇಶದ ಭಾಷೆಗಳ ಲಿಪಿ ಕಣ್ಣಿಗೆ ಬೇರೆ ಬೇರೆಯಾದರೂ ಬೆರಳಿಗೆ ಹೆಚ್ಚು ಕಡಿಮೆ ಒಂದೇ. ಕನ್ನಡದ ಕ, ಮರಾಠಿಯ ಕ ಎರಡಕ್ಕೂ ಅವೇ ಚುಕ್ಕೆಗಳು. ನಾನು ಚುಕ್ಕೆಯನ್ನು ಕಣ್ಣಿಂದ ನೋಡಿ ಒಂದೊಂದೇ ಅಕ್ಷರ ಬಿಡಿಸಬಲ್ಲೆ, ಬೆರಳಿಂದ ಆಗದು. ಹಾಗಾಗಿ ಕನ್ನಡ ಪುಸ್ತಕದ ಪರೀಕ್ಷೆಯನ್ನು ನಾವಿಬ್ಬರೂ ಸೇರಿ ಮಾಡುತ್ತೇವೆ. ಅವರು ಒಂದು ಪದವೂ ತಿಳಿಯದೆ ಗಟ್ಟಿಯಾಗಿ ಓದುತ್ತಾರೆ, ನಾನು ಕೇಳಿ ಸರಿಯೋ ತಪ್ಪೋ ಹೇಳುತ್ತೇನೆ.

ಕಾಕಾ ಓದತೊಡಗಿದರು. ಪದಗಳ ಕೊನೆಯ ಅಕಾರವನ್ನು ಮರಾಠಿಯಂತೆ ನುಂಗುತ್ತ, ನಮ್ಮ ಹ್ರಸ್ವ ಎ, ಒ ಬಂದಲ್ಲೆಲ್ಲ ಒಂದು ಕ್ಷಣ ತಡೆಯುತ್ತ, ಮಂತ್ರ ಹೇಳಿದ ಹಾಗೆ ಓದಿದರು. ನಾಲ್ಕು ದಿನ ಹಿಂದಿಯೂ ಇಂಗ್ಲಿಷೂ ಕೇಳಿದ ಕಿವಿಗೆ ಅದು ಬಿದ್ದಾಗ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. ಪುಟ ತಿರುಗಿದಲ್ಲಿ ಕತೆ ಹಠಾತ್ತನೆ ಹಾರಿತು. ನಿಲ್ಲಿಸಿದೆ. ಮತ್ತೆ ಓದಿಸಿದೆ. ಹೌದು, ಪ್ರತಿ ಪುಟದ ಕೊನೆಯ ಸಾಲು ಮಾಯವಾಗುತ್ತಿತ್ತು. ಕಾಗದದಲ್ಲಿ ಹಿಡಿಸುವುದಕ್ಕಿಂತ ಒಂದು ಸಾಲು ಹೆಚ್ಚೆಂದು ನಾನು ಪ್ರೋಗ್ರಾಂಗೆ ಹೇಳಿಬಿಟ್ಟಿದ್ದೆ. ಸರಿಪಡಿಸಿ ಮೊದಲಿನಿಂದ ಉಬ್ಬಿಸಿದೆ. ಕಾಕಾ ಮೊದಲ ಪುಟಗಳನ್ನು ಮತ್ತೆ ಓದಿ, ಕಾಗದವನ್ನು ತಟ್ಟಿ ಜೋಡಿಸಿ ನನ್ನ ಕೈಗಿಟ್ಟರು.

"ವಾಚಲಂ ಬರೋಬರ್. ಪಣ್ ಕಳಲಂ ಕಾಹೀ ನಾಹೀ" ಎಂದರು. ಸರಿಯಾಗಿ ಓದಿದೆ, ಆದರೆ ಏನೂ ತಿಳಿಯಲಿಲ್ಲ. ಆಮೇಲೆ ಸ್ವಲ್ಪ ಸಂಕೋಚದಿಂದ, ಬಾಗಿಲಲ್ಲಿ ನಿಂತವನು ಯಾರು ಎಂದು ಕೇಳಿದರು. ಅಕ್ಕನ ಪಾಡನ್ನು ನಾನೇ ಅವರಿಗೆ ವಾರದ ಮೊದಲಲ್ಲಿ ಹೇಳಿದ್ದೆ. ಮೊದಲು ಅಕ್ಕ ಓದಲಿ, ಆಮೇಲೆ ಹೇಳುತ್ತೇನೆ ಎಂದೆ. ಅದು ಸರಿ ಎಂದು ಒಪ್ಪಿಕೊಂಡರು.

ಶನಿವಾರ ಬೆಳಿಗ್ಗೆ ಭಂಗಾರದವನು ಬಂದಾಗ ಕೊನೆಯ ಪುಟಗಳು ಇನ್ನೂ ಹೊರಬೀಳುತ್ತಿದ್ದವು. ಮ್ಯಾನೇಜರ್ ಮೇಡಂ ಬಾಗಿಲಲ್ಲಿ ನಿಂತು ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿದರು. ಎಷ್ಟು ಪ್ರತಿ ಎಂದರು. ಒಂದು ಎಂದೆ. ಅವರು ಭಂಗಾರದವನಿಗೆ ಒಡೆದ ಮಾನಿಟರುಗಳನ್ನೂ ಕುರ್ಚಿಗಳನ್ನೂ ತೋರಿಸಿ, ಇದನ್ನು ಬಾದ್ ಮೇ, ಆಮೇಲೆ ನೋಡೋಣ ಎಂದು ಕಳಿಸಿದರು. ನಮ್ಮ ಆಫೀಸಿನಲ್ಲಿ ಬಾದ್ ಮೇ ಎಂದರೆ ನಾಳೆಯೂ ಆಗಬಹುದು, ಎರಡು ವರ್ಷವೂ ಆಗಬಹುದು. ನಾನು ಕೇಳಲು ಹೋಗಲಿಲ್ಲ.

ಬೈಂಡಿಂಗ್ ಹಾಕಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ಮಲಾಡಿನ ಗಾಡಿ ಹತ್ತಿದೆ. ಗಾಡಿಯಲ್ಲಿ ಗುದ್ದಾಡುವಾಗ ಚುಕ್ಕೆಗಳು ಒತ್ತಿಹೋಗದಂತೆ ಎರಡೂ ಮೊಣಕೈ ಅಗಲಿಸಿ ನಿಂತದ್ದಕ್ಕೆ ಬೈಸಿಕೊಂಡೆ. ಅಕ್ಕನ ಮನೆ ಹತ್ತಿರವಾದಂತೆ ಸಂತೋಷದ ಜೊತೆಗೆ ಇನ್ನೊಂದು ಯೋಚನೆಯೂ ಸೇರಿಕೊಂಡಿತು. ಓದಲು ಪುಸ್ತಕ ಸಿಕ್ಕ ಮೇಲೆ ಅಕ್ಕನಿಗೆ ನನ್ನ ಮಾತು ಯಾಕೆ ಬೇಕು. ಇವತ್ತು ಪುಸ್ತಕ ಕೊಟ್ಟು, ಅವರು ಓದಲು ಕೂತರೆಂದರೆ, ನಾನು ಬಂದ ದಾರಿಯಲ್ಲಿ ನನ್ನ ರೂಮಿಗೆ ಹೋಗಿ ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇಷ್ಟು ಕಷ್ಟಪಟ್ಟು ಸಾಧಿಸಿದ್ದು ಇದನ್ನೇ ಎಂದು ಕೆಟ್ಟದೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಕ್ಕ ಪುಸ್ತಕದ ತೂಕ ನೋಡಿದರು, ಹೊಸ ಕಾಗದವನ್ನು ಮೂಸಿದರು, ಮೊದಲ ಪುಟ ತೆರೆದು ಬೆರಳಿಟ್ಟರು. ಬೆರಳು ಒಂದು ಸಾಲು ಹೋಯಿತು, ಹಿಂದೆ ಬಂತು.

"ಅವಳು ಕಾದದ್ದು ಇವನನ್ನಲ್ಲ. ಬಂದವ ದೋಣಿಯವ," ಎಂದರು. "ನನ್ನ ಅಂದಾಜು ತಪ್ಪಿತು. ಒಳ್ಳೇದೇ ಆಯ್ತು."

ಬೆರಳು ಮುಂದೆ ಓಡತೊಡಗಿತು. ಮುಖ ಪುಸ್ತಕದ ಕಡೆ ತಿರುಗಿತು. ನಾನು ಚೀಲ ತೆಗೆದುಕೊಂಡು, ಎಡಗಿವಿಯ ಹತ್ತಿರ ಬಗ್ಗಿ, ಬರ್ತೀನಿ ಅಕ್ಕ ಎಂದೆ.

"ಎಲ್ಲಿಗೆ ಹೋಗ್ತಿ? ಕೂತ್ಕೊ. ನಂಗೆ ಕೇಳೂದಿಲ್ಲ ಅಷ್ಟೇ, ಓದ್ಲಿಕ್ಕೆ ಬರ್ತದೆ."

ಮಂಚದ ಮೇಲೆ ಸರಿದು ಜಾಗ ಮಾಡಿದರು. ಮತ್ತೆ ಮೊದಲ ಸಾಲಿಗೆ ಬೆರಳು ತಂದು ಗಟ್ಟಿಯಾಗಿ ಓದಲು ಶುರು ಮಾಡಿದರು. ತಮ್ಮ ದನಿ ತಮಗೇ ಕೇಳದವರು ಓದುವ ಹಾಗೆ ಜೋರಾಗಿಯೇ ಓದಿದರು. ಎದುರುಮನೆಯವಳು ಮತ್ತೆ ಬಾಗಿಲಿಗೆ ಬಂದು ನೋಡಿ, ನಾನು ಸುಮ್ಮನೆ ಕೂತಿದ್ದನ್ನು ಕಂಡು ಹೋದಳು. ಅದು ಜಗಳವಾಗಿರಲಿಲ್ಲ. ಉಡುಪಿಯ ಕಡೆಯ ಎಳೆತದಲ್ಲಿ ಒಂದೊಂದು ಪದವೂ ತನ್ನ ಕೊನೆಯ ಸ್ವರದವರೆಗೆ ಪೂರ್ತಿಯಾಗಿ ಬಂತು. ಆ ವಾಕ್ಯಗಳನ್ನೆಲ್ಲ ನಾನೇ ಟೈಪ್ ಮಾಡಿದ್ದೆ. ಆದರೂ ದೋಣಿಯವನು ಒಳಗೆ ಬರುತ್ತಾನೋ ಇಲ್ಲವೋ ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕೂತೆ.